ಹತ್ತು ಬೆರಳು

ಮಾತೆಲ್ಲ ಮುಗಿದು, ಕಾಗದದ ಮೇಲೆ ಮೊಹರು ಬಿದ್ದು, ಚಹಾದ ಪುಟ್ಟ ಬಟ್ಟಲುಗಳು ಬರಿದಾದ ಮೇಲೆ ಮುದುಕರು ಬಾಗಿಲ ತನಕ ಬಂದರು. ರೂಯಿನ್ ಹೊಸ್ತಿಲ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದಳು. ಅವಳ ಜೊತೆ ಬಂದಿದ್ದ ಮೂವರು ಆಗಲೇ ಸ್ಕೂಟರುಗಳ ಹತ್ತಿರ ನಿಂತು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದರು.

"ನೋಡು ಮಗಳೇ, ಒಂದು ಮಾತು ಉಳೀತು," ಎಂದರು ಮುದುಕರು. "ನೀವು ಅವಳನ್ನ ಎಲ್ಲಿ ಬೇಕಾದ್ರೂ ಕೊಯ್ಯಿರಿ. ಅದಕ್ಕೇ ತಾನೇ ಅವಳು ಬರ್ದುಕೊಟ್ಟಿದ್ದು. ಆದ್ರೆ ಹತ್ತೂ ಬೆರಳು ವಾಪಸ್ ಬರ್ಬೇಕು."

"ಬರ್ತಾವೆ ಅಪೇ," ಎಂದಳು ರೂಯಿನ್, ದೊಡ್ಡಪ್ಪನ ವಯಸ್ಸಿನವರನ್ನು ಕರೆಯುವ ಹಾಗೆ. "ಎಲ್ಲಾನೂ ಹೊಲಿದು, ಬಟ್ಟೆ ಉಡಿಸಿ ಕಳಿಸ್ತೀವಿ. ಒಂದು ಚೂರೂ ಇಟ್ಕೊಳ್ಳಲ್ಲ."

ಅದು ಅವಳು ಕೊಡಬಹುದಾದ ಮಾತಾಗಿರಲಿಲ್ಲ. ಆದರೂ ದಾರದ ಗಂಟು ಬಿಗಿಯುತ್ತಾ, ಹೊರಗಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಯಾರೋ ಬಸ್ಸಿನ ಹೊತ್ತು ಕೇಳಿದಾಗ ಹೇಳುವಷ್ಟು ಸಲೀಸಾಗಿ ಹೇಳಿಬಿಟ್ಟಳು.

ತೈನಾನ್ ನಗರದ ಕಡಲಂಚಿನ ಆ ಊರಿಗೆ ಅವರು ಬಂದದ್ದು ವೈದ್ಯಕೀಯ ಕಾಲೇಜಿನ ಪದ್ಧತಿಯಂತೆ. ದೇಹ ಕೊಯ್ಯುವ ವರ್ಷ ಶುರುವಾಗುವ ಮೊದಲು, ಒಂದೊಂದು ಮೇಜಿನ ನಾಲ್ವರು ವಿದ್ಯಾರ್ಥಿಗಳು ತಮ್ಮ ಮೇಜಿಗೆ ಬರುವವರ ಮನೆಗೆ ಹೋಗಬೇಕು. ಅಲ್ಲಿ ಹೆಣ ಎನ್ನುವಂತಿಲ್ಲ, ದೇಹಗುರು ಎನ್ನಬೇಕು. ಗುರು ಹೇಗೆ ಬದುಕಿದರು, ಏನು ತಿನ್ನುತ್ತಿದ್ದರು, ಯಾರ ಮೇಲೆ ಸಿಟ್ಟಾಗುತ್ತಿದ್ದರು ಎಂದು ಕೇಳಿ ಒಂದು ಪುಟ ಬರೆದು ಮೇಜಿನ ತುದಿಗೆ ತೂಗುಹಾಕಬೇಕು. ವರ್ಷದ ಕೊನೆಗೆ ಎಲ್ಲವನ್ನೂ ಮತ್ತೆ ಒಳಗಿಟ್ಟು ಹೊಲಿದು, ಹೆಗಲು ಕೊಟ್ಟು, ಬೆಂಕಿಯ ತನಕ ಹೋಗಬೇಕು.

ಅವರ ಗುರುವಿನ ಹೆಸರು ಗಿನ್-ಹಾ. ಅರವತ್ತೆಂಟಕ್ಕೆ ತೀರಿಕೊಂಡವರು. ನಲವತ್ತು ವರ್ಷ ಮೀನಿನ ಕೊಟ್ಟಿಗೆಯಲ್ಲಿ ಹೂಮೀನಿನ ಮುಳ್ಳು ತೆಗೆದವರು. ಗಂಡ ಖೋ ಬೆಂಗ್-ಲೋಕ್, ಅಂದರೆ ಈ ಮುದುಕರು, ಅವರೂ ಅದೇ ಕೊಟ್ಟಿಗೆಯಲ್ಲಿ, ಅದೇ ಕಲ್ಲುಮೇಜಿನ ಎದುರುಬದುರು. ಹೂಮೀನಿಗೆ ಇನ್ನೂರ ಇಪ್ಪತ್ತೆರಡು ಸಣ್ಣ ಮುಳ್ಳು. ಒಂದು ಉಳಿದರೂ ಗಿರಾಕಿ ಮೀನು ವಾಪಸ್ ತರುತ್ತಾನೆ. ಮಕ್ಕಳಿರಲಿಲ್ಲ. ಮಾತಿಗೆ ಕೂತಾಗ ಜೊತೆಯಲ್ಲಿದ್ದವರು ಖೋ ಅವರ ತಮ್ಮನ ಹೆಂಡತಿ ಅ-ಹುನ್. ಅವರದೂ ಅದೇ ಕಸುಬು.

"ಬರ್ಕೋ ಬರ್ಕೋ," ಎಂದಿದ್ದರು ಅ-ಹುನ್, ತಮ್ಮ ಎರಡೂ ಕೈ ಎತ್ತಿ ತೋರಿಸುತ್ತಾ. ಎಡಗೈಯ ಕಿರುಬೆರಳು ಬುಡದಿಂದ ಇರಲಿಲ್ಲ, ಅದರ ಪಕ್ಕದ್ದು ಅರ್ಧ. "ನನ್ನವು ಎಂಟೂವರೆ. ಕೊಟ್ಟಿಗೇಲಿ ಯಾರದ್ದೂ ಪೂರಾ ಇಲ್ಲ. ನಮ್ಮಕ್ಕಂದು ಮಾತ್ರ ಹತ್ತು. ಹಬ್ಬದ ದಿನ ನಮ್ಮೆದುರೇ ಕೂತು ಹತ್ತೂ ಉಗುರಿಗೆ ಬಣ್ಣ ಹಚ್ಕೊಳ್ಳೋಳು, ನಮ್ಮನ್ನ ಉರಿಸೋಕೇ."

"ಬಲಗೈ ತೋರುಬೆರಳು ಸೊಟ್ಟ ಆಗಿತ್ತು," ಎಂದರು ಖೋ.

"ಸೊಟ್ಟ ಆದ್ರೇನು ಭಾವ, ಇತ್ತಲ್ಲ!"

ಎಲ್ಲರೂ ನಕ್ಕರು. ರೂಯಿನ್ ಪುಸ್ತಕದಲ್ಲಿ ಆ ಸೊಟ್ಟ ಬೆರಳಿನ ಒಂದು ರೇಖೆ ಎಳೆದುಕೊಂಡಳು. ಮೇಜಿನ ಪಕ್ಕದ ಗೋಡೆಯ ಮೇಲೆ ಗಿನ್-ಹಾ ಅವರ ಚಿತ್ರವಿತ್ತು; ಮೀನಿನ ಬುಟ್ಟಿಯ ಮುಂದೆ, ಎರಡೂ ಕೈ ಮುಂದೆ ಚಾಚಿಕೊಂಡು. ಕಾಲೇಜಿನಿಂದ ತಂದ ಕಾಗದದ ಕೊನೆಯ ಸಾಲು 'ಕುಟುಂಬದವರ ವಿಶೇಷ ಕೋರಿಕೆ' ಎಂದು. ಏನಾದರೂ ಇದೆಯಾ ಎಂದು ಅವಳು ಕೇಳಿದಳು. ಮುದುಕರು ಇಲ್ಲವೆಂದು ತಲೆಯಾಡಿಸಿದರು. 'ಇಲ್ಲ' ಎಂದು ಬರೆದಳು. ಅವರು ಸಹಿಯ ಬದಲಿಗೆ ತಮ್ಮ ಮೊಹರಿಗೆ ಉಸಿರೂದಿ ಒತ್ತಿದರು. ಮಾತು ಬಂದದ್ದು ಆಮೇಲೆ, ಹೊಸ್ತಿಲಲ್ಲಿ. ಮೊಹರು ಬಿದ್ದ ಕಾಗದಕ್ಕೆ ಅಕ್ಷರ ಸೇರಿಸುವಂತಿಲ್ಲ. ಹೊಸದು ಬರೆಯಲು ಮತ್ತೆ ಒಳಗೆ ಹೋಗಬೇಕು, ಬೂಟು ಬಿಚ್ಚಬೇಕು. ಅವಳು ಬಿಚ್ಚಲಿಲ್ಲ.

*

ರೂಯಿನ್‌ಗೆ ಮೂವತ್ತೊಂದು. ಬೇರೆ ಪದವಿ ಮುಗಿಸಿ ವೈದ್ಯಕೀಯಕ್ಕೆ ಬಂದವರ ತರಗತಿ ಅದು. ಔಷಧಶಾಸ್ತ್ರ ಓದಿದವರಿದ್ದರು, ನರ್ಸ್ ಆಗಿದ್ದವರಿದ್ದರು. ಶಿಲ್ಪಕಲೆ ಓದಿದವಳು ಅವಳೊಬ್ಬಳೇ. ಮೊದಲ ವಾರದಲ್ಲೇ 'ಶಿಲ್ಪಿ' ಎಂಬ ಹೆಸರು ಬಿತ್ತು.

"ಶಿಲ್ಪಿ, ಈ ಶ್ವಾಸಕೋಶಕ್ಕೆ ಸ್ವಲ್ಪ ನೆರಳು ಹಾಕ್ಕೊಡೇ," ಎನ್ನುತ್ತಿದ್ದ ಅದೇ ಮೇಜಿನ ಪೋಹಾನ್. ಅವಳಿಗಿಂತ ಆರು ವರ್ಷ ಚಿಕ್ಕವನು. "ನೀನು ಆಪರೇಷನ್ ಮಾಡೋವಾಗ ರೋಗಿ ಎದ್ದು ಕೂತು, ಮೂಗು ಸರಿಯಾಗಿ ಬಂದಿಲ್ಲ ಅಂತಾನೆ ನೋಡು."

ಅವಳು ನಗುತ್ತಿದ್ದಳು. ನಗದಿದ್ದರೆ ಮುನಿಸು ಎನ್ನುತ್ತಾರೆ.

ಕಲಾಶಾಲೆ ಮುಗಿದ ಮೇಲೆ ಮಕ್ಕಳಿಗೆ ಚಿತ್ರ ಹೇಳಿಕೊಡುತ್ತಿದ್ದ ಕಾಲದಲ್ಲಿ ಅವಳು ಎರಡು ವರ್ಷ ಒಂದು ಆಸ್ಪತ್ರೆಗೆ ಸ್ವಯಂಸೇವಕಿಯಾಗಿ ಹೋಗುತ್ತಿದ್ದಳು. ಇನ್ನು ಬದುಕದವರ ವಾರ್ಡು. ವಾರಕ್ಕೆರಡು ಮಧ್ಯಾಹ್ನ ಹಾಸಿಗೆಯ ಪಕ್ಕ ಕೂತು ಅವರ ಕೈಗಳ ಚಿತ್ರ ಬರೆದು ಮನೆಯವರಿಗೆ ಕೊಡುವುದು. ಮುಖ ಬರೆದರೆ ಮನೆಯವರು ಅಳುತ್ತಿದ್ದರು. ಕೈ ಬರೆದರೆ ಮಾತಾಡುತ್ತಿದ್ದರು. ಒಂದು ದಿನ, ನಿವೃತ್ತ ಬಡಗಿಯೊಬ್ಬರ ಕೈ ಬರೆಯುತ್ತಿರುವಾಗ, ಆ ಕೈ ಹಾಸಿಗೆಯ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿಯಿತು. ಬೆರಳ ಗೆಣ್ಣುಗಳು ಬೆಳ್ಳಗಾದವು. ಎಷ್ಟು ಚೆನ್ನಾಗಿದೆ ಈ ಹಿಡಿ ಎಂದುಕೊಂಡು ಅವಳು ಇದ್ದಿಲಿನ ಕಡ್ಡಿ ಒತ್ತಿದಳು. ಗೆಣ್ಣಿನ ನೆರಳು ಮುಗಿಸಿ ತಲೆ ಎತ್ತಿದಾಗ ಅವರು ಉಸಿರು ಸಿಗದೆ ತೀರಿಕೊಂಡಿದ್ದರು. ನರ್ಸು ಓಡಿಬಂದಳು. ಹೇಗೂ ಅವರು ಆ ವಾರ ಉಳಿಯುವವರಲ್ಲ ಎಂದರು ಎಲ್ಲರೂ. ಆದರೆ ರೂಯಿನ್‌ಗೆ ಗೊತ್ತಿತ್ತು, ಬರೆಯುತ್ತಿದ್ದ ತನ್ನ ಕೈ ನಿಂತಿರಲಿಲ್ಲ.

ಪ್ರವೇಶದ ಸಂದರ್ಶನದಲ್ಲಿ, ಕಲೆ ಬಿಟ್ಟು ಇಲ್ಲಿಗ್ಯಾಕೆ ಎಂದು ಕೇಳಿದಾಗ ಆ ವಾರ್ಡಿನ ಕಥೆ ಹೇಳಿದಳು. ಕೈ ನಿಂತಿರಲಿಲ್ಲ ಎಂಬ ಆ ಒಂದು ವಾಕ್ಯ ಬಿಟ್ಟು.

*

ಗಿನ್-ಹಾ ಅವರ ಬಲ ಅಂಗೈ ತೆರೆದದ್ದು ಚಳಿಗಾಲದಲ್ಲಿ. ಆ ದಿನ ಚೂರಿ ರೂಯಿನ್‌ಳ ಕೈಯಲ್ಲಿತ್ತು. ಚರ್ಮ ದಪ್ಪವಾಗಿ, ಹಳೆಯ ಗಾಯಗಳ ಗೆರೆಗಳಿಂದ ಗಟ್ಟಿಯಾಗಿತ್ತು. ಅದರ ಕೆಳಗೆ, ಮಣಿಕಟ್ಟಿನಿಂದ ಬೆರಳುಗಳಿಗೆ ಹರಿಯುವ ಎರಡು ನರಗಳ ನಡುವೆ, ನೂಲಿಗಿಂತ ಸಣ್ಣ ಒಂದು ಎಳೆ ಅಡ್ಡ ಹಾಯ್ದಿತ್ತು. ಪುಸ್ತಕದಲ್ಲಿ ಅದು ಇರಬೇಕಾದ ಜಾಗ ಅದಲ್ಲ. ಇನ್ನೊಬ್ಬರಾಗಿದ್ದರೆ ಕೊಬ್ಬಿನ ಜೊತೆ ಕೆರೆದು ತೆಗೆದುಬಿಡುತ್ತಿದ್ದರು. ಅವಳು ನಿಲ್ಲಿಸಿದಳು, ಬರೆದುಕೊಂಡಳು, ಪ್ರೊಫೆಸರ್ ವೇಯ್ ಅವರನ್ನು ಕರೆದಳು.

ವೇಯ್ ಮೇಡಂ ಐವತ್ತು ದಾಟಿದ ಹೆಂಗಸು. ಕೈಗಳ ಮೇಲೇ ಇಪ್ಪತ್ತು ವರ್ಷ ಕೆಲಸ ಮಾಡಿದವರು. ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ಬಗ್ಗಿ ನೋಡಿದರು.

"ಎಷ್ಟು ಜನ ಇದನ್ನ ಕತ್ತರಿಸಿದಾರೋ," ಎಂದರು ಕೊನೆಗೆ. "ಕೈ ಜೋಮು ಅಂತ ಬರ್ತಾರಲ್ಲ, ಮೀನು ಕೊಟ್ಟಿಗೆಯವರು, ಹೊಲಿಗೆಯವರು. ಸರಿಯಾಗಿ ಇಲ್ಲೇ ಕೊಯ್ಯೋದು ನಾವು. ಆಮೇಲೆ ಬೆರಳು ಉರಿ ಅಂತ ವಾಪಸ್ ಬಂದ್ರೆ, ನಿಮ್ಮ ಭ್ರಮೆ ಅಂತ ಕಳಿಸ್ತೀವಿ." ಅವಳ ಚಿತ್ರದ ಕಡೆ ತಿರುಗಿದರು. "ಇದು ನೀನು ಬರ್ದಿದ್ದಾ?"

"ಹೂಂ ಮೇಡಂ."

"ಫೋಟೋದಲ್ಲಿ ಇದು ಹೀಗೆ ಕಾಣಲ್ಲ. ಲೇಖನದಲ್ಲಿ ನಿನ್ನ ಹೆಸರು ಮೊದಲು ಹಾಕೋಣ. ಬರಿ."

ಎರಡು ತಿಂಗಳು ರೂಯಿನ್ ಆ ಅಂಗೈಯ ಮೇಲೆ ಬಗ್ಗಿದಳು. ಇಪ್ಪತ್ತಾರು ಚಿತ್ರ ಬರೆದಳು. ಬೇರೆ ಕೈಗಳ ಹಳೆಯ ವರದಿಗಳನ್ನು ಹುಡುಕಿದಳು. ಕೈ ಶಸ್ತ್ರಚಿಕಿತ್ಸೆಯ ತರಬೇತಿಗೆ ಸೇರಬಯಸುವವರಲ್ಲಿ ವರ್ಷಕ್ಕೆ ಇಬ್ಬರನ್ನು ತೆಗೆದುಕೊಳ್ಳುತ್ತಾರೆ. ಮೊದಲ ಹೆಸರಿನ ಲೇಖನ ಇದ್ದವಳನ್ನು ಯಾರೂ ಶಿಲ್ಪಿ ಎನ್ನುವುದಿಲ್ಲ. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅಮ್ಮ, "ನಾಲ್ಕು ವರ್ಷ ಮಣ್ಣಲ್ಲಿ ಕೈ ಮಾಡ್ದೆ, ಈಗ ಕೈಯಲ್ಲಿ ದಾರ ಹುಡುಕ್ತಿದೀಯ. ಇದಾದ್ರೂ ಮುಗಿಸೇ," ಎಂದಳು.

ವರ್ಷದ ಕೊನೆಗೆ, ಹೊಲಿಯುವ ವಾರ ಬಂದಾಗ, ವೇಯ್ ಮೇಡಂ ಅವಳನ್ನು ಕೋಣೆಗೆ ಕರೆದರು.

"ಲೇಖನ ನೋಡೋರು ಮೂಲ ಕೈ ಕೇಳ್ತಾರೆ. ಗಿನ್-ಹಾ ಅವರು ಬರ್ದುಕೊಟ್ಟಿರೋದ್ರಲ್ಲಿ, ಮನೆಯವರ ಅಭ್ಯಂತರ ಇಲ್ಲದಿದ್ರೆ ಹತ್ತು ವರ್ಷ ಭಾಗ ಇಟ್ಕೋಬಹುದು ಅಂತ ಇದೆ. ನೀನು ಮನೆಗೆ ಹೋಗಿದ್ಯಲ್ಲ. ಏನಾದ್ರೂ ಹೇಳಿದ್ರಾ ಅವರು?"

ಕಾಗದ ಮೇಜಿನ ಮೇಲಿತ್ತು. ರೂಯಿನ್ ತನ್ನ ಅಕ್ಷರವನ್ನು ನೋಡಿದಳು. ಅದರ ಕೆಳಗೆ ಕೆಂಪು ಮೊಹರು. ಹೊಸ್ತಿಲು ನೆನಪಾಯಿತು, ಬೂಟಿನ ದಾರ, ಬಿಸಿಲು. ಆ ಮಾತು ಕೇಳಿದವರು ಅವಳ ಹೊರತು ಯಾರೂ ಇಲ್ಲ. ಹೇಳಿದರೆ ಮೇಡಂ, ಆಗಲಿ, ಕೈ ಇಟ್ಟುಕೊಳ್ಳುವುದು ಬೇಡ ಎನ್ನುತ್ತಾರೆ. ಎರಡನೇ ಮಾತು ಆಡುವವರಲ್ಲ.

"ಅದರಲ್ಲಿ ಬರ್ದಿದೆ ಮೇಡಂ," ಎಂದಳು. "ಇಲ್ಲ ಅಂತ."

*

ಬಲಗೈಯನ್ನು ಮಣಿಕಟ್ಟಿನಲ್ಲಿ ಬೇರ್ಪಡಿಸಿ ಗಾಜಿನ ಪಾತ್ರೆಯಲ್ಲಿಟ್ಟವಳೂ ಅವಳೇ. ಅಂಥ ಖಾಲಿ ಜಾಗಕ್ಕೆ ಬ್ಯಾಂಡೇಜು ಬಟ್ಟೆ ತುರುಕಿ ಬಿಳಿ ಕೈಗವಸು ಹಾಕುವುದು ರೂಢಿ. ಅವಳಿಗೆ ಅದು ಸಾಲದೆನಿಸಿತು. ಮನೆಯಿಂದ ಹಳೆಯ ಪೆಟ್ಟಿಗೆ ತಂದಳು: ಮೇಣ, ತಂತಿ, ಮರದ ಕೆತ್ತುಕಡ್ಡಿಗಳು. ನಾಲ್ಕು ವರ್ಷ ಮುಟ್ಟಿರಲಿಲ್ಲ. ಎರಡು ಮಧ್ಯಾಹ್ನ, ಮಾದರಿಗಳ ಕೋಣೆಯಲ್ಲಿ ಕಿಟಕಿಯ ಬಳಿ ಕೂತು, ಗಾಜಿನೊಳಗಿನ ಕೈಯನ್ನು ನೋಡುತ್ತಾ ಮೇಣದ ಕೈ ಮಾಡಿದಳು. ದಪ್ಪ ಗೆಣ್ಣುಗಳು, ಚಪ್ಪಟೆ ಹೆಬ್ಬೆರಳು, ಸೊಟ್ಟ ತೋರುಬೆರಳು. ತೂಕ ಸರಿಬರಲೆಂದು ಒಳಗೆ ಮರಳು ತುಂಬಿದಳು.

ಪೋಹಾನ್ ಬಾಗಿಲಲ್ಲಿ ನಿಂತು ನೋಡಿದ. ಮೊದಲ ಸಲ ಅವನು ತಮಾಷೆ ಮಾಡಲಿಲ್ಲ.

"ಅಕ್ಕಾ," ಎಂದ. "ಇದು ಅವರದ್ದೇ."

ಅವಳು ಮಾಡಿದ್ದರಲ್ಲೆಲ್ಲ ಅದು ಚೆಂದದ ಕೈ. ಅವಳಿಗೂ ಗೊತ್ತಿತ್ತು. ಹೊಟ್ಟೆಯಲ್ಲಿ ಒಂದು ಬೆಚ್ಚನೆಯ ಸುಖ ಎದ್ದಿತು. ಬಡಗಿಯ ಹಾಸಿಗೆಯ ಪಕ್ಕ ಎದ್ದದ್ದೂ ಇಂಥದ್ದೇ.

ಬೀಳ್ಕೊಡುವ ಬೆಳಗ್ಗೆ ಖೋ ಒಂದು ಜೊತೆ ಬಿಳಿ ನೂಲಿನ ಕೈಗವಸು ತಂದಿದ್ದರು. ರಬ್ಬರ್ ಕೈಗವಸಿನ ಒಳಗೆ ಹೆಂಡತಿ ಹಾಕಿಕೊಳ್ಳುತ್ತಿದ್ದದ್ದು. ಎಷ್ಟು ಒಗೆದರೂ ಮೀನಿನ ವಾಸನೆ ಹೋಗಿರಲಿಲ್ಲ.

"ನೀನೇ ಹಾಕು," ಎಂದರು ರೂಯಿನ್‌ಗೆ. "ನನ್ನ ಕೈ ನಡುಗ್ತದೆ."

ಅವಳು ಹಾಕಿದಳು. ಎಡಗೈಗೆ, ಆಮೇಲೆ ಮೇಣದ ಕೈಗೆ. ಸೊಟ್ಟ ಬೆರಳಿಗೆ ನೂಲು ಸರಿಯಾಗಿ ಕೂತಿತು. ಅದೇ ಸೊಟ್ಟಕ್ಕೆ ಹಿಗ್ಗಿದ ಕೈಗವಸು ಅದು. ಮುದುಕರು ಮುಂದೆ ಬಂದು ಕೈಗವಸಿನ ಮೇಲಿಂದ ಆ ಬೆರಳನ್ನು ತಮ್ಮ ಎರಡು ಬೆರಳಲ್ಲಿ ಹಿಡಿದರು.

"ಹತ್ತು," ಎಂದರು ಅವರು ಅ-ಹುನ್ ಕಡೆ ತಿರುಗಿ.

"ಹೂಂ ಭಾವ. ಗೆದ್ದಳು ಬಿಡು," ಎಂದು ಅ-ಹುನ್ ಮೂಗೊರೆಸಿಕೊಂಡರು.

ಹೆಗಲ ಮೇಲೆ ಪೆಟ್ಟಿಗೆ ಹೊತ್ತಾಗ ರೂಯಿನ್‌ಗೆ ತಾನು ಉಳಿದೆ ಎನ್ನಿಸಿತು.

*

ಬೆಂಕಿಯ ಮನೆಯಲ್ಲಿ ಎರಡು ಗಂಟೆ ಕಾದರು. ಆಮೇಲೆ ಕೆಲಸದವನು ಉದ್ದನೆಯ ತಟ್ಟೆಯನ್ನು ಎಳೆದು ತಂದ. ಮೂಳೆಗಳು ಬಿದ್ದಲ್ಲೇ ಬಿದ್ದಿದ್ದವು. ತಲೆ ಈ ಕಡೆ, ಪಾದ ಆ ಕಡೆ. ಮನೆಯವರು ಉದ್ದ ಕಡ್ಡಿಗಳಿಂದ ಒಂದೊಂದೇ ಎತ್ತಿ ಜಾಡಿಗೆ ಹಾಕಬೇಕು. ಮೊದಲು ಪಾದ, ಕೊನೆಗೆ ತಲೆ. ಒಳಗೆ ತೀರಿಕೊಂಡವರು ಕುಳಿತ ಹಾಗಾಗಬೇಕು. ಕೆಲವರು ಒಂದೆರಡು ಎತ್ತಿ ಉಳಿದದ್ದನ್ನು ಕೆಲಸದವನಿಗೆ ಬಿಡುತ್ತಾರೆ. ಖೋ ಬಿಡಲಿಲ್ಲ. ಸಣ್ಣವನ್ನೂ ಬಿಡದೆ ಎತ್ತಿದರು. ನಡುಗುವ ಕೈ ಎಂದವರ ಕೈ ಕಡ್ಡಿ ಹಿಡಿದ ಮೇಲೆ ಒಮ್ಮೆಯೂ ನಡುಗಲಿಲ್ಲ.

ಎಡಗೈಯ ಹತ್ತಿರ ಬಂದರು. ಬೆರಳ ತುಣುಕುಗಳು, ಮಣಿಕಟ್ಟಿನ ಹರಳುಗಳು, ಕಡಲೆಬೇಳೆಯಷ್ಟು. ಎಣಿಸುತ್ತಾ ಹಾಕಿದರು. ಆಮೇಲೆ ತಟ್ಟೆಯ ಆ ಬದಿಗೆ ಹೋದರು.

ಬಲತೋಳಿನ ಎರಡು ಮೂಳೆಗಳ ತುದಿಯಾಚೆ ಏನೂ ಇರಲಿಲ್ಲ. ಕಪ್ಪು ತಂತಿಯ ಎರಡು ಎಳೆ, ಕಂದು ಬಣ್ಣದ ಒಂದು ಕಲೆ. ಒಂದು ಹಿಡಿ ಮರಳು.

ಕೈಯಲ್ಲಿ ಇಪ್ಪತ್ತೇಳು ಮೂಳೆ. ಮೊದಲ ಪರೀಕ್ಷೆಗೇ ರೂಯಿನ್ ಅದನ್ನು ಬಾಯಿಪಾಠ ಮಾಡಿದ್ದಳು. ಮೇಣದ ಗೆಣ್ಣು ತಿದ್ದುವಾಗ, ಉಗುರಿನ ಅಂಚು ಕೆತ್ತುವಾಗ, ಬೆಂಕಿ ಹೊರಗಿನದನ್ನೆಲ್ಲ ತಿಂದು ಒಳಗಿನದನ್ನು ಮಾತ್ರ ಉಳಿಸುತ್ತದೆ ಎಂಬುದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ.

ಕೆಲಸದವನು ಪಾಪ, ಸಮಾಧಾನಕ್ಕೆಂದು ಹೇಳಿದ, "ಸಣ್ಣ ಮೂಳೆ ಅಪೇ. ಒಂದೊಂದ್ಸಲ ಬೂದಿ ಆಗ್ಬಿಡ್ತಾವೆ."

"ನಲವತ್ತು ವರ್ಷ ಸಣ್ಣ ಮೂಳೆನೇ ನೋಡಿದೀನಿ ತಮ್ಮಾ," ಎಂದರು ಖೋ. "ಒಂದೇ ಪಕ್ಕದವು ಬೂದಿ ಆಗಲ್ಲ."

ಅವರು ತಲೆ ಎತ್ತಿ ಯಾರನ್ನೂ ಹುಡುಕಲಿಲ್ಲ. ನೇರ ಅವಳನ್ನೇ ನೋಡಿದರು. ರೂಯಿನ್‌ಗೆ ಇನ್ನೂ ಒಂದು ಸುಳ್ಳಿಗೆ ಜಾಗವಿತ್ತು. ಆ ಕೆಲಸದವನು ಕೊಟ್ಟಿದ್ದ.

"ಕೈ ನನ್ನ ಹತ್ರ ಇದೆ ಅಪೇ," ಎಂದಳು. "ಕಾಲೇಜಲ್ಲಿ. ಗಾಜಿನ ಪಾತ್ರೇಲಿ. ಒಳಗೆ ಒಂದು ನರ ಇತ್ತು, ಎಲ್ಲರಲ್ಲೂ ಇರಲ್ಲ. ಅದರಿಂದ ತುಂಬ ಜನಕ್ಕೆ, ಮೀನು ಕೊಟ್ಟಿಗೆಯವರಿಗೇ—"

"ಬೆರಳು ಹಿಡ್ಕೊಂಡೆನಲ್ಲ ನಾನು."

"ಅದು ಮೇಣದ್ದು. ನಾನು ಮಾಡಿದ್ದು."

ಅ-ಹುನ್ ಬಾಯಿಗೆ ಕೈ ಅಡ್ಡ ಹಿಡಿದರು. ಪೋಹಾನ್ ನೆಲ ನೋಡಿದ. ಮುದುಕರು ಕಡ್ಡಿಯ ತುದಿಯಿಂದ ಆ ಕಲೆಯನ್ನು ಮುಟ್ಟಿದರು.

"ನನ್ನ ಕೇಳ್ಬಹುದಿತ್ತು ನೀನು," ಎಂದರು. "ಕೇಳಿದ್ರೆ ನಾನು ಕೊಡ್ತಿರ್ಲಿಲ್ಲ. ಅದು ನಿಂಗೆ ಗೊತ್ತಿತ್ತು. ಅದಕ್ಕೇ ಕೇಳ್ಲಿಲ್ಲ."

ತಲೆಯ ಮೂಳೆ ಹಾಕಿದ ಮೇಲೆ ಕೆಲಸದವನು ಮುಚ್ಚಳಕ್ಕೆ ಅಂಟು ತಂದ. ಖೋ ಅಂಗೈ ಅಡ್ಡ ಇಟ್ಟರು. "ಬೇಡ. ಹಾಗೇ ಇರ್ಲಿ."

*

ಮರುದಿನ ಬೆಳಗ್ಗೆ ರೂಯಿನ್ ವೇಯ್ ಮೇಡಂ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಮೇಡಂ ಬಯ್ಯಲಿಲ್ಲ. ಕಾಗದ ತೆಗೆದು ಅವಳ ಕಡೆ ತಿರುಗಿಸಿದರು.

"ಇದು ಯಾರ ಅಕ್ಷರ?"

"ನನ್ನದು."

"ಇದರ ಮೇಲೆ ಇಲಾಖೆ ನಿಂತಿದೆ, ಲೇಖನ ನಿಂತಿದೆ. ಇದು ತಪ್ಪು ಅನ್ನೋಕೆ ನಿನ್ನ ಬಾಯಿಮಾತು ಸಾಲಲ್ಲ. ಅಭ್ಯಂತರ ಇದೆ ಅಂತ ಮನೆಯವರು ಹೊಸ ಕಾಗದದ ಮೇಲೆ ಮೊಹರು ಹಾಕ್ಕೊಟ್ರೆ ಕೈ ಕೊಡ್ತೀನಿ. ಲೇಖನ ವಾಪಸ್ ತಗೊಳ್ತೀನಿ. ಎರಡೂ ನನಗೆ ಸುಲಭ ಅಲ್ಲ ರೂಯಿನ್. ಆ ನರ ಕತ್ತರಿಸಿಕೊಳ್ಳೋ ಹೆಂಗಸರು ನಾಳೆನೂ ಬರ್ತಾರೆ," ಎಂದರು.

ಅವಳು ಹೊಸ ಕಾಗದ ಬರೆದುಕೊಂಡು ಕೊಟ್ಟಿಗೆಗೆ ಹೋದಳು. ಐಸು ಕರಗಿ ನೆಲವೆಲ್ಲ ಒದ್ದೆ. ಉದ್ದನೆಯ ಕಲ್ಲುಮೇಜಿನ ಎರಡು ಕಡೆ ಹೆಂಗಸರು ಸಾಲಾಗಿ ನಿಂತಿದ್ದರು. ಖೋ ಅವರ ಎದುರಿನ ಜಾಗ ಖಾಲಿ ಇತ್ತು. ಅವರು ಮೀನನ್ನು ಬೆನ್ನಿನಿಂದ ತೆರೆದು, ಚಿಮಟಿಗೆಯಿಂದ ಮುಳ್ಳು ಕೀಳುತ್ತಿದ್ದರು. ಕಿತ್ತ ಪ್ರತಿ ಮುಳ್ಳನ್ನೂ ನೀರಿನ ಬಟ್ಟಲಿಗೆ ಉದುರಿಸುತ್ತಿದ್ದರು.

ರೂಯಿನ್ ಕಾಗದ ಚಾಚಿದಳು. "ಇದಕ್ಕೊಂದು ಮೊಹರು ಹಾಕಿ ಅಪೇ. ಇವತ್ತೇ ತಂದುಕೊಡ್ತೀನಿ."

ಅವರು ಓದಲಿಲ್ಲ. ಕೈಯೂ ನಿಲ್ಲಲಿಲ್ಲ.

"ನೀನು ಬರ್ದಿದ್ದಕ್ಕೆ ಒಂದ್ಸಲ ಮೊಹರು ಒತ್ತಿದೀನಿ," ಎಂದರು. "ಇನ್ನೊಂದ್ಸಲ ಒತ್ತಲ್ಲ."

"ಒತ್ತದಿದ್ರೆ ಹತ್ತು ವರ್ಷ ಅಲ್ಲೇ ಇರುತ್ತೆ ಅಪೇ."

"ಇರ್ಲಿ. ನಂಗೆ ಎಪ್ಪತ್ನಾಲ್ಕು, ನಾನಿರಲ್ಲ. ನೀನಿರ್ತೀಯ. ಜಾಡಿ ಮುಚ್ಚಳ ಅಂಟಿಸಿಲ್ಲ. ತಂದು ಹಾಕು. ಎಣಿಸಿ ಹಾಕು."

ಖೋ ಮುಂದಿನ ಮೀನಿಗೆ ಕೈ ಹಾಕಿದರು. ಕಾಗದದ ಅಂಚು ಮೇಜಿನ ನೀರು ಹೀರಿಕೊಂಡು ಮೆತ್ತಗಾಯಿತು. ಅವಳು ಅದನ್ನು ಮಡಿಸಿ ಜೇಬಿಗಿಟ್ಟಳು. ಎಷ್ಟು ಹೊತ್ತು ನಿಂತಿದ್ದಳೋ. ಬೈದರೆ ಹೋಗಬಹುದಿತ್ತು. ಯಾರೂ ಬೈಯಲಿಲ್ಲ, ಯಾರೂ ಹೋಗು ಎನ್ನಲೂ ಇಲ್ಲ.

ಕೊನೆಗೆ ಅ-ಹುನ್ ಬಂದು ಅವಳ ತೋಳು ಹಿಡಿದು ಮೂಲೆಯ ಸ್ಟೂಲಿನ ಮೇಲೆ ಕೂರಿಸಿದರು. ಒಂದು ಬಟ್ಟಲು ಗಂಜಿ ಮುಂದಿಟ್ಟರು. ಮೇಲೆ ಹೂಮೀನಿನ ಹೊಟ್ಟೆಯ ತುಂಡು, ಶುಂಠಿ.

"ತಿನ್ನು," ಎಂದರು, ಮುಖ ನೋಡದೆ. "ಹೊಟ್ಟೆಗೆ ಹಾಕ್ಕೊಂಡು ಹೋಗು. ಮುಳ್ಳಿಲ್ಲ. ಭಾವ ತೆಗೆದಿದ್ದು."

ರೂಯಿನ್ ತುಂಡು ಬಾಯಿಗಿಟ್ಟಳು. ನಾಲಿಗೆ ತನ್ನಷ್ಟಕ್ಕೆ ಹುಡುಕಿತು, ಆ ಪಕ್ಕ, ಈ ಪಕ್ಕ, ಹಲ್ಲಿನ ಸಂದಿಯಲ್ಲಿ. ಒಂದೂ ಸಿಗಲಿಲ್ಲ. ಆದರೂ ನುಂಗಲು ಬಹಳ ಹೊತ್ತು ಹಿಡಿಯಿತು.